ಹನ್ನೆರಡನೆಯ ಕಲ್ಲು

ಹುಣಸೀಕೊಪ್ಪದ ಕರಬಸಪ್ಪನಿಗೆ ಊರಿನವರು ಇಟ್ಟ ಅಡ್ಡಹೆಸರು ಕಲ್ಲುಸಾಹೇಬ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವನಿಗೆ ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಖುಷಿಯೂ ಇತ್ತು. ಸಾಹೇಬ ಎನ್ನಿಸಿಕೊಳ್ಳುವ ಯೋಗ ಎಷ್ಟು ಜನರಿಗೆ ಬರುತ್ತದೆ ಹೇಳಿ.

ಹಾನಗಲ್ಲಿನಿಂದ ಶಿಗ್ಗಾವಿಯ ದಿಕ್ಕಿಗೆ ಎರಡು ಹರದಾರಿ ನಡೆದರೆ ಆ ಊರು. ಊರ ಹಿಂದಿನ ಕೆರೆ ದಾಟಿದರೆ ದನ ಮೇಯುವ ಸರಕಾರಿ ಗಾಯರಾಣ. ಅಲ್ಲಿ ಸಾಲಾಗಿ ನಿಂತ ಹನ್ನೊಂದು ವೀರಗಲ್ಲುಗಳು. ಯಾವುದೋ ಕಾಲದಲ್ಲಿ ಊರ ದನಗಳನ್ನು ಕಳ್ಳರ ಕೈಯಿಂದ ಬಿಡಿಸಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದವು. ಒಂದೊಂದು ಕಲ್ಲಿನಲ್ಲೂ ಮೂರು ಅಂತಸ್ತು. ಕೆಳಗೆ ಕತ್ತಿ ಹಿಡಿದು ಕಾದಾಡುವ ವೀರ, ನಡುವೆ ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುವ ದೇವಕನ್ಯೆಯರು, ಎಲ್ಲಕ್ಕಿಂತ ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ತುದಿಯಲ್ಲಿ ಸೂರ್ಯ ಚಂದ್ರರು.

ಸಾವಿರದ ಒಂಬೈನೂರಾ ಮೂವತ್ತೊಂದರ ಚಳಿಗಾಲದಲ್ಲಿ ಹಳೆಯ ಗುಡಿ ಮತ್ತು ಕಲ್ಲುಗಳ ಖಾತೆಯ ಸಾಹೇಬನೊಬ್ಬ ಬಂದು ಡೇರೆ ಹೊಡೆದ. ಕಲ್ಲುಗಳನ್ನು ಅಳೆದ, ಚಿತ್ರ ತೆಗೆಸಿದ, ಹೋಗುವಾಗ ಒಂದು ನೀಲಿ ಬೋರ್ಡು ನಿಲ್ಲಿಸಿದ. ಕಾವಲಿಗೆ ಒಬ್ಬ ಬೇಕಾಗಿತ್ತು. ಕರಬಸಪ್ಪನ ಹೊಲ ಕೆರೆಯ ಮಗ್ಗುಲಲ್ಲೇ ಇತ್ತು, ಮೂರನೆಯ ಇಯತ್ತೆಯವರೆಗೆ ಓದಿದ್ದ, ಕೆಲಸ ಅವನಿಗೆ ಸಿಕ್ಕಿತು. ಬೋರ್ಡಿನ ಕನ್ನಡದ ಭಾಗವನ್ನು ಅವನು ಬಾಯಿಪಾಠ ಮಾಡಿಕೊಂಡ. ಈ ಕಲ್ಲುಗಳನ್ನು ಯಾರೇ ಆಗಲಿ ಕಿತ್ತರೆ, ಸರಿಸಿದರೆ, ಕೆಡಿಸಿದರೆ, ಅವುಗಳ ಮೇಲೆ ಬರೆದರೆ, ಸರಕಾರದ ಕಾಯದೆಯಂತೆ ಮೂರು ತಿಂಗಳವರೆಗೆ ಸೆರೆಮನೆ, ಇಲ್ಲವೆ ದಂಡ, ಇಲ್ಲವೆ ಎರಡೂ. ದಿನಾ ಬೆಳಿಗ್ಗೆ ಬಂದು ಧೂಳು ಒರೆಸುವಾಗ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಕೇಳುವವರು ಎಮ್ಮೆಗಳು ಮಾತ್ರ, ಆದರೂ ಓದುತ್ತಿದ್ದ.

ಅವನ ಕಾವಲು ಬಲು ಬಿಗಿ. ಕುಡುಗೋಲು ಮಸೆಯಲು ಬಂದ ಒಕ್ಕಲಿಗರು ಬೈಸಿಕೊಂಡು ಹೋದರು. ಕಲ್ಲಿಗೆ ಬೆನ್ನು ತಿಕ್ಕುವ ಕೋಣಗಳೂ ಅವನ ಕೋಲಿನ ರುಚಿ ಕಂಡವು. ಪೊಲೀಸ್ ಪಾಟೀಲ ಪರಮೇಶ್ವರಪ್ಪನಿಗೆ ಹೊಸ ಕೊಟ್ಟಿಗೆಯ ಹೊಸ್ತಿಲಿಗೆ ಒಂದು ಚಪ್ಪಟೆ ಕಲ್ಲು ಬೇಕಾಗಿ, ಕೊನೆಯ ಕಲ್ಲಿನ ಮೇಲೆ ಕಣ್ಣು ಬಿದ್ದಾಗ ಕರಬಸಪ್ಪ ಆಳುಗಳ ಮುಂದೆ ಅಡ್ಡ ನಿಂತುಬಿಟ್ಟ.

"ಪಾಟೀಲ್ರ, ಮೂರು ತಿಂಗಳ ಜೈಲ ಐತ್ರಿ. ನಾ ಅನ್ನಾಕತ್ತಿಲ್ಲ, ಬೋರ್ಡಿನ ಮ್ಯಾಲ ಬರದಾರ."

ಪಾಟೀಲ ಸಿಟ್ಟು ನುಂಗಿಕೊಂಡು ತಿರುಗಿದ. ಸರಕಾರದ ವತನ ತಿನ್ನುವವನು ಸರಕಾರದ ಬೋರ್ಡಿಗೆ ಹೆದರದೆ ಇರಲು ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಜಗಳ ಎಣ್ಣೆಯದು. ಹೋರಿಗಳ ಹಬ್ಬ ಬಂದರೆ ಊರ ಹೆಂಗಸರು ಆ ಕಲ್ಲುಗಳಿಗೆ ಕುಸುಬಿ ಎಣ್ಣೆ ಹಚ್ಚಿ, ವಿಭೂತಿ ಬಡಿದು, ದನಕರು ಕಾಯಪ್ಪಾ ಎಂದು ಬೇಡಿಕೊಳ್ಳುವುದು ಅವರ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಎಣ್ಣೆ ಕುಡಿದು ಕಲ್ಲಿನ ಕೆತ್ತನೆ ಮುಚ್ಚಿಹೋಗುತ್ತದೆ ಎಂದು ಸಾಹೇಬ ಹೇಳಿ ಹೋಗಿದ್ದ. ಕರಬಸಪ್ಪ ಆ ಹೆಂಗಸರನ್ನು ಅಟ್ಟಿದ. ಅವರೊಳಗೆ ಅವನ ಅಕ್ಕ ಹಾಲವ್ವನೂ ಇದ್ದಳು. ನಾಲ್ಕು ಮಂದಿ ನೋಡುತ್ತಿರುವಾಗ ಅವಳ ಕೈಯ ಎಣ್ಣೆಬಟ್ಟಲನ್ನು ಕಸಿದುಕೊಂಡು ಎಣ್ಣೆಯನ್ನು ನೆಲಕ್ಕೆ ಸುರುವಿದ. ಹಾಲವ್ವ ಖಾಲಿ ಬಟ್ಟಲು ಇಸಿದುಕೊಂಡು ಮನೆಗೆ ಹೋದಳು. ಅವತ್ತು ಕರಬಸಪ್ಪನಿಗೆ ತಾನು ದೊಡ್ಡ ನ್ಯಾಯ ಮಾಡಿದೆ ಅನ್ನಿಸಿತ್ತು.

ಹಾಲವ್ವ ಗಂಡ ಸತ್ತ ಮೇಲೆ ಕೂಸು ಕಟ್ಟಿಕೊಂಡು ತಮ್ಮನ ಮನೆಗೆ ಬಂದವಳು. ಕರಬಸಪ್ಪನ ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು, ಅವನು ಮತ್ತೆ ಮದುವೆಯಾಗಲಿಲ್ಲ. ಹೀಗಾಗಿ ಆ ಮನೆಗೆ ಮಗ ಅಂದರೆ ಹಾಲವ್ವನ ಮಹಾಲಿಂಗ ಒಬ್ಬನೇ. ಮಾವನ ಹೆಗಲ ಮೇಲೆ ಕೂತೇ ಬೆಳೆದ. ವೀರಗಲ್ಲಿನ ಹಲಗೆಗಳನ್ನು ತೋರಿಸಿ, ಇವ ಯಾರು, ಇವನ್ನ ಯಾರು ಒಯ್ಯಾಕತ್ತಾರ, ಎಲ್ಲಿಗೆ ಒಯ್ಯಾಕತ್ತಾರ ಎಂದು ಮಾವನ ಪ್ರಾಣ ತಿನ್ನುತ್ತಿದ್ದ. ಗೊತ್ತಿಲ್ಲದ್ದನ್ನು ಕರಬಸಪ್ಪ ಕಟ್ಟಿ ಹೇಳುತ್ತಿದ್ದ.

ನಲವತ್ತೆರಡರ ಚಳವಳಿಯಲ್ಲಿ ಮಹಾಲಿಂಗ ಬಿಳಿ ಟೊಪ್ಪಿಗೆ ಹಾಕಿದ. ಇಪ್ಪತ್ತೊಂದರ ಪ್ರಾಯ. ಹಾನಗಲ್ ರಸ್ತೆಯ ಟೆಲಿಗ್ರಾಫ್ ತಂತಿ ಕಡಿದವರಲ್ಲಿ ಅವನೂ ಒಬ್ಬ. ಪೊಲೀಸರು ಹುಡುಕತೊಡಗಿದಾಗ ಸವಣೂರಿಗೆ ಓಡಿದ. ಅದು ನವಾಬರ ಸೀಮೆ, ಇಲ್ಲಿಯ ಪೊಲೀಸರು ಅಲ್ಲಿ ಒಮ್ಮೆಲೆ ನುಗ್ಗುವಂತಿರಲಿಲ್ಲ. ಹಾನಗಲ್ ಸಂತೆಗೆ ಎಲೆ ಮಾರಲು ಬರುತ್ತಿದ್ದ ಮಾಬೂಬಿ ಎಂಬ ಮುದುಕಿ ತನ್ನ ಎಲೆಬಳ್ಳಿಯ ತೋಟದಲ್ಲಿ ಅವನನ್ನು ಒಂದೂವರೆ ತಿಂಗಳು ಇಟ್ಟುಕೊಂಡಳು. ಅವ್ವನನ್ನು ನೋಡಿ ಬರುತ್ತೇನೆ ಎಂದು ಒಂದು ದಿನ ಟೊಪ್ಪಿಗೆ ಅಲ್ಲೇ ತೆಗೆದಿಟ್ಟು ಹೊರಟವನು ಸೀಮೆ ದಾಟುತ್ತಲೇ ಸಿಕ್ಕಿಬಿದ್ದ.

ಮುಂದಿನ ಮಾರ್ಚಿನಲ್ಲಿ ಊರ ಚಾವಡಿಗೆ ಒಂದು ಚೀಟಿ ಬಂತು. ಕೈದಿ ಮಹಾಲಿಂಗಪ್ಪ ಜೈಲಿನಲ್ಲಿ ಆಮಶಂಕೆಯಾಗಿ ತೀರಿದ, ದಫನು ಅಲ್ಲಿಯೇ ಆಯಿತು. ಪಾಟೀಲ ಅದನ್ನು ಓದಿ ಹೇಳಿದ. ಹಾಲವ್ವ ಅಳಲಿಲ್ಲ.

"ಎಲ್ಲಿ ಮಣ್ಣು ಕೊಟ್ರು, ಕೇಳೋ ತಮ್ಮಾ," ಅಂದಳು. "ಆ ಜಾಗಾ ಯಾವ್ದು, ಕೇಳು."

ಕರಬಸಪ್ಪ ಕೇಳಿದ. ಚೀಟಿಯಲ್ಲಿ ಜಾಗ ಬರೆದಿರಲಿಲ್ಲ.

ಸತ್ತವರನ್ನು ಕೂಡಿಸಿ, ವಿಭೂತಿ ಪತ್ರಿ ಹಾಕಿ, ಸ್ವಂತ ಹೊಲದ ಮೂಲೆಯಲ್ಲಿ ಮಣ್ಣು ಕೊಟ್ಟು, ಮೇಲೊಂದು ಗದ್ದಿಗೆ ಕಟ್ಟಿ, ಅಮಾಸೆಗೆ ದೀಪ ಇಡುವ ಜನ ಅವರು. ಹೆಣವೇ ಇಲ್ಲದ ಮೇಲೆ ಏನು ಮಾಡುವುದು? ಹಾಲವ್ವ ಊಟ ಬಿಟ್ಟಳು. ಎಂಟನೆಯ ದಿನ ತಾನೇ ಹೊಲದ ಬದುವಿನಿಂದ ಒಂದು ಕಲ್ಲು ಹೊತ್ತು ತಂದು, ಮೂಲೆಯಲ್ಲಿ ನೆಟ್ಟು, ವಿಭೂತಿ ಹಚ್ಚಿದಳು. ಅದಕ್ಕೆ ಮೂರು ದಿನದ ಆಯುಷ್ಯ. ಸರಕಾರದ ಮೇಲೆ ತಿರುಗಿಬಿದ್ದವರ ಹೆಸರಿನಲ್ಲಿ ಕಲ್ಲು ಕಟ್ಟೆ ಏನೂ ಏಳಕೂಡದು ಎಂದು ಮೇಲಿನಿಂದ ಹುಕುಂ ಬಂದಿದೆ ಎಂದು ಹೇಳಿ, ಪಾಟೀಲ ತಳವಾರನನ್ನು ಕಳಿಸಿ ಅದನ್ನು ಕೀಳಿಸಿ ಬಾವಿಗೆ ಹಾಕಿಸಿದ. ಹಾಲವ್ವ ಬಾವಿಯ ಕಟ್ಟೆ ಹಿಡಿದು ಕೂತಳು. ಅವಳನ್ನು ಎಬ್ಬಿಸಿಕೊಂಡು ಬರಲು ಕರಬಸಪ್ಪನಿಗೆ ಹೊತ್ತು ಮುಳುಗಿತು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಗಾಯರಾಣಕ್ಕೆ ಹೋಗಿ, ಧೂಳು ಒರೆಸಿ, ರೂಢಿಯ ಬಲದಿಂದ ಬೋರ್ಡು ಓದತೊಡಗಿದ. ಯಾರೇ ಆಗಲಿ ಕಿತ್ತರೆ, ಸರಿಸಿದರೆ... ಅಲ್ಲಿಗೇ ನಿಂತ. ಹನ್ನೆರಡು ವರ್ಷ ಓದಿದ ಮಾತು ಅವತ್ತು ಮೊದಲ ಸಲ ಅವನ ಕಿವಿಗೆ ಬಿತ್ತು. ಈ ಊರಿನಲ್ಲಿ ಒಂದೇ ಒಂದು ಜಾಗದ ಕಲ್ಲನ್ನು ಪಾಟೀಲ ಕೀಳುವಂತಿಲ್ಲ, ತಳವಾರ ಮುಟ್ಟುವಂತಿಲ್ಲ, ಪೊಲೀಸರೂ ಅಲ್ಲಾಡಿಸುವಂತಿಲ್ಲ. ಆ ಜಾಗದ ಕಾವಲುಗಾರ ತಾನೇ.

ಅವನು ಹೆದರುಪುಕ್ಕಲ. ಅದನ್ನು ಮುಚ್ಚಿಡುವುದೇನೂ ಬೇಡ. ಸರಕಾರಿ ಕಾಗದ ಕಂಡರೆ ಚಪ್ಪಲಿ ಬಿಟ್ಟು ನಿಲ್ಲುವವನು, ಸರಕಾರದ ಕಾಯದೆಯೊಳಗೇ ಹೊಕ್ಕು ಒಂದು ಸುಳ್ಳು ನೆಡಲು ಮನಸ್ಸು ಮಾಡಿದ. ಮೂರು ದಿನ ಜ್ವರ ಬಂದವನಂತೆ ಮಲಗಿ, ನಾಲ್ಕನೆಯ ದಿನ ದುಂಡಸಿಗೆ ನಡೆದ.

ದುಂಡಸಿಯ ಮಾರೆಪ್ಪ ಬೀಸುಕಲ್ಲು, ಒಳಕಲ್ಲು ಮಾಡಿ ಮಾರುವ ಒಡ್ಡ. ಕಲ್ಲಿನ ಮಾತು ಬಂದರೆ ಮಾತ್ರ ಬಾಯಿ ತೆರೆಯುವ ಮನುಷ್ಯ. ಎಲ್ಲ ಕೇಳಿಸಿಕೊಂಡು, ಬಳಪದ ಕಲ್ಲಿನ ಒಂದು ಹಲಗೆ ಹೊರಗೆ ತೆಗೆದ.

"ಹೆಸರು ಕೆತ್ತಲೇನು?"

"ಬ್ಯಾಡ. ಹೆಸರು ಹಾಕಿದ್ರ ಹಿಡೀತಾರ. ಹಳೇವು ಹೆಂಗ ಅದಾವ, ಹಂಗ ಮಾಡು. ಗುರುತ ಹತ್ತಬಾರ್ದು."

ಮಾರೆಪ್ಪ ಗಾಯರಾಣಕ್ಕೆ ಎರಡು ಸಲ ಬಂದು ಹಳೆಯ ಕಲ್ಲುಗಳನ್ನು ಬೆರಳಿನಿಂದ ಸವರಿ ಸವರಿ ನೋಡಿಕೊಂಡು ಹೋದ. ಅಷ್ಟರಲ್ಲಿ ಮಾಬೂಬಿ ಎಲೆಬುಟ್ಟಿಯ ತಳದಲ್ಲಿ ಮಹಾಲಿಂಗನ ಟೊಪ್ಪಿಗೆ ಇಟ್ಟುಕೊಂಡು ಬಂದು ಹಾಲವ್ವನ ಮಡಿಲಿಗೆ ಹಾಕಿ, ಅವಳ ಜತೆ ಕೂತು ಅತ್ತಳು. ಹಾಲವ್ವ ಅವತ್ತು ಅತ್ತಳು, ಅವತ್ತೇ ಹೊಟ್ಟೆತುಂಬ ಉಂಡಳು. ಆಮೇಲೆ ಒಂದು ಮಾತು ಕೇಳಿದಳು.

"ಕಲ್ಲಿನ್ಯಾಗ ಅವಗ ಟೊಪ್ಪಿಗಿ ಹಾಕಸೋ ತಮ್ಮಾ. ಕತ್ತಿ ಅವ ಯಾವಾಗ ಹಿಡಿದಾನ? ಟೊಪ್ಪಿಗಿ ಇದ್ರ ನನಗರ ಗುರುತು ಸಿಗ್ತೈತಿ."

ಕರಬಸಪ್ಪ ಮರುದಿನವೇ ದುಂಡಸಿಗೆ ಹೋಗಿ, ಕತ್ತಿ ಬೇಡ, ತಲೆಗೆ ಟೊಪ್ಪಿಗೆ ಇರಲಿ ಎಂದು ಮಾರೆಪ್ಪನಿಗೆ ಹೇಳಿ ಬಂದ.

ಕಾರಹುಣ್ಣಿಮೆಯ ಸಂಜೆ ಇಡೀ ಊರು ಅಗಸಿಯಲ್ಲಿ ಎತ್ತು ಓಡಿಸುವುದನ್ನು ನೋಡುತ್ತಿದ್ದಾಗ ಗೊಬ್ಬರದ ಚಕ್ಕಡಿಯೊಂದು ಕೆರೆಯ ಹಿಂದಿನಿಂದ ಬಂತು. ಮಾರೆಪ್ಪ ಮತ್ತು ಕರಬಸಪ್ಪ ಸಾಲಿನ ಕೊನೆಯಲ್ಲಿ ಕುಣಿ ತೋಡಿದರು. ಹಾಲವ್ವ ಟೊಪ್ಪಿಗೆಯನ್ನು ಮಡಚಿ, ಅದರೊಳಗೆ ವಿಭೂತಿ ಉಂಡೆ ಇಟ್ಟು, ಪತ್ರಿ ಹಾಕಿ, ಕುಣಿಯೊಳಗೆ ಇಳಿಸಿದಳು. ಮೂರು ಹಿಡಿ ಮಣ್ಣು ಕೊಟ್ಟಳು. ಅದರ ಮೇಲೆ ಕಲ್ಲು ನಿಂತಿತು. ಮಗನಿಗೆ ಮಣ್ಣು ಕೊಟ್ಟ ಜಾಗ ಯಾವುದು ಎಂದು ಆ ದಿನದಿಂದ ಅವಳಿಗೆ ಗೊತ್ತಾಯಿತು.

ಹೊಸ ಕಲ್ಲು ಬೂದಿಬಣ್ಣಕ್ಕೆ ಮಿಂಚುತ್ತಿತ್ತು. ಹಾಲವ್ವ ದಿನಾ ಕುಸುಬಿ ಎಣ್ಣೆಗೆ ಒಲೆಯ ಮಸಿ ಕಲಸಿ ತಂದು ಹಚ್ಚಿದಳು. ಕರಬಸಪ್ಪ ಆಚೆ ಮುಖ ಮಾಡಿ ನಿಲ್ಲುತ್ತಿದ್ದ. ಅವಳಿಗೊಬ್ಬಳಿಗೆ ಬಿಟ್ಟರೆ ನಾಲ್ಕು ಜನ ಪ್ರಶ್ನೆ ಕೇಳುತ್ತಾರಲ್ಲ, ಹಾಗಾಗಿ ಉಳಿದ ಹೆಂಗಸರನ್ನೂ ಬಿಟ್ಟ. ಹನ್ನೆರಡೂ ಕಲ್ಲುಗಳು ಎಣ್ಣೆ ಕುಡಿದವು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವುದರೊಳಗೆ ಕೊನೆಯದು ತನ್ನ ನೆರೆಯವುಗಳಷ್ಟೇ ಕಪ್ಪಾಯಿತು. ಊರಿಗೆ ತಿಳಿಯಲಿಲ್ಲವೆ? ಎಲ್ಲರಿಗೂ ತಿಳಿದಿತ್ತು. ಆದರೆ ದನ ಕಾಯುವವರಿಂದ ಹಿಡಿದು ಮಠದ ಅಯ್ಯನವರ ತನಕ ಯಾರೂ ಆ ಮಾತು ಎತ್ತಲಿಲ್ಲ. ಊರು ಒಮ್ಮೊಮ್ಮೆ ಹಾಗೆ ಒಳ್ಳೆಯದಾಗಿಬಿಡುತ್ತದೆ.

ನಲವತ್ತೈದರ ಡಿಸೆಂಬರಿನಲ್ಲಿ ಖಾತೆಯಿಂದ ಪ್ರಹ್ಲಾದರಾಯರು ಬಂದರು. ಅಬಲೂರಿನ ಶಾಸನಗಳ ಅಚ್ಚು ತೆಗೆದುಕೊಂಡು, ಹಿರೇಕೆರೂರಿನಿಂದ ಸರ್ವೀಸ್ ಮೋಟಾರಿನಲ್ಲಿ ಹಾನಗಲ್ಲಿಗೆ ಬಂದು, ಅಲ್ಲಿಂದ ಚಕ್ಕಡಿ ಮಾಡಿಕೊಂಡು ಬಂದಿದ್ದರು. ಹಳೆಗನ್ನಡವನ್ನು ನೀರು ಕುಡಿದಂತೆ ಓದುವ ಮನುಷ್ಯ, ಮಾತಿನಲ್ಲಿ ಮೆದು. ಕಲ್ಲುಗಳನ್ನು ಎಣಿಸಿ, ಯಾದಿ ನೋಡಿ, ಮತ್ತೆ ಎಣಿಸಿದರು. ಪಾಟೀಲ ಪರಮೇಶ್ವರಪ್ಪ ಮರ್ಯಾದೆಗೆಂದು ಜತೆಗೆ ಬಂದಿದ್ದ.

"ಕರಬಸಪ್ಪ, ನಮ್ಮ ಯಾದಿಯೊಳಗ ಹನ್ನೊಂದು ಅವ. ಇಲ್ಲಿ ಹನ್ನೆರಡು ಕಾಣಸ್ತಾವಲ್ಲೋ," ಅಂದರು ರಾಯರು.

ಎರಡು ವರ್ಷದಿಂದ ಕಲಿತಿಟ್ಟ ಉತ್ತರವನ್ನು ಕರಬಸಪ್ಪ ಒಂದೇ ಉಸಿರಿಗೆ ಒಪ್ಪಿಸಿದ.

"ಇದೊಂದು ಬಿದ್ದು ಹೂತಿತ್ರೀ ರಾಯರ. ಕೆರಿ ಹೂಳು ತಗಿಯೂಮುಂದ ಸಿಕ್ತು. ತಂದು ಸಾಲಿನ್ಯಾಗ ನಿಲ್ಲಿಸೇನ್ರಿ."

ರಾಯರು ಪಾಟೀಲನ ಕಡೆ ತಿರುಗಿದರು. "ಖರೇನ ಪಾಟೀಲರ? ಮೊದಲಿನಿಂದ ಹನ್ನೆರಡು ಇದ್ದೂ ಏನು?"

ಕರಬಸಪ್ಪ ಪಾಟೀಲನ ಮುಖವನ್ನೇ ನೋಡಿದ. ಹೊಸ್ತಿಲಿನ ಕಲ್ಲಿಗೆ ಅಡ್ಡ ನಿಂತ ದಿನದಿಂದ ಪಾಟೀಲ ಅವನ ಜತೆ ನೆಟ್ಟಗೆ ಮಾತಾಡಿರಲಿಲ್ಲ. ಪಾಟೀಲ ಸಾಲಿನ ಆಚೆ ನೋಡಿದ. ಅಲ್ಲಿ ಹಾಲವ್ವ ಎಣ್ಣೆಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಹೊಲದ ಮೂಲೆಯ ಆ ಕಲ್ಲು ಬಾವಿಗೆ ಬಿದ್ದ ದಿನ ಅವನಿಗೂ ನೆನಪಿದ್ದಿರಬೇಕು.

"ಇದ್ದೂರಿ," ಅಂದ ಪಾಟೀಲ. "ನಮ್ಮ ಅಜ್ಜ ಹೇಳ್ತಿದ್ದ, ಹನ್ನೆರಡು ಅಂತ."

ರಾಯರು ಕನ್ನಡಕ ಏರಿಸಿ ಆ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಮೂರನೆಯ ಅಂತಸ್ತಿನವರೆಗೆ ನೋಡಿ, ಮತ್ತೆ ಕೆಳಗಿನದಕ್ಕೆ ಇಳಿದರು. ಜಿಡ್ಡು ಕೆರೆದು ವೀರನ ತಲೆಯನ್ನು ಬಹಳ ಹೊತ್ತು ದಿಟ್ಟಿಸಿದರು. ಹೆಬ್ಬೆರಳಷ್ಟು ತಲೆಯ ಮೇಲೆ ಮಾರೆಪ್ಪನ ಉಳಿ ಮಾಡಿದ ಟೊಪ್ಪಿಗೆ ಎರಡು ಕಾಳಿನಷ್ಟು, ಅದೂ ಎಣ್ಣೆ ತುಂಬಿ ಅಂಚು ಸವೆದದ್ದು.

"ಈ ತರದ ಶಿರೋವೇಷ ನಾ ಎಲ್ಲೂ ಕಂಡಿಲ್ಲ," ಅಂದರು. ಮುಖದಲ್ಲಿ ಏನೋ ಬೆಳಕು ಬಂದಿತ್ತು. "ಕತ್ತೀನೂ ಇಲ್ಲ ನೋಡು, ಬರೀ ಕೈ. ಅಪರೂಪದ್ದು."

ಬರೆದುಕೊಂಡರು, ಚಿತ್ರ ತೆಗೆದರು. ಕರಬಸಪ್ಪನಿಗೆ ಸ್ವರ್ಗ ಮೂರೇ ಗೇಣು. ಕಲ್ಲು ಸರಕಾರದ ಪುಸ್ತಕಕ್ಕೆ ಏರಿತು, ಇನ್ನು ಯಾವ ಮಗ ಕೀಳುತ್ತಾನೆ ನೋಡೋಣ ಎಂದುಕೊಂಡ. ಆ ಹಿಗ್ಗು ರಾಯರು ಏಳುವ ತನಕ ಮಾತ್ರ ಬಾಳಿತು. ಎದ್ದವರು ಕೈಗೆ ಹತ್ತಿದ ಜಿಡ್ಡು ಒರೆಸಿಕೊಳ್ಳುತ್ತ, ಈ ಎಣ್ಣೆ ಯಾರು ಹಚ್ಚಗೊಟ್ಟರು ಎಂದು ಕೇಳಿದರು. ಇಷ್ಟು ಒಳ್ಳೆಯ ಕಲ್ಲು ಹಾಳಾಗಲು ಬಿಡುವುದಿಲ್ಲ, ಸುತ್ತಲೂ ಮುಳ್ಳುತಂತಿಯ ಬೇಲಿ ಹಾಕಿಸುತ್ತೇನೆ, ಬೀಗ ಜಡಿಸುತ್ತೇನೆ ಅಂದರು.

"ಇನ್ನ ಮುಂದ ಒಂದು ಹನಿ ಎಣ್ಣಿ ಕಂಡರೂ ನಿನ್ನ ತಗದು ಸವಣೂರಿನ ಕಡೆಯವನ್ನ ಯಾರನ್ನರ ಕಾವಲಿಗೆ ಹಾಕ್ತೇನಿ, ನೆನಪಿರಲಿ."

ಬೇಲಿ ಬಂತು. ಕಬ್ಬಿಣದ ಗೇಟು ಬಂತು. ಕೀಲಿಕೈ ಕರಬಸಪ್ಪನ ಉಡದಾರಕ್ಕೆ ಬಿತ್ತು. ತಂತಿ ಕಡಿದು ಸತ್ತ ಹುಡುಗನ ಸುತ್ತ ತಂತಿಯೇ ಎಳೆದರಲ್ಲ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಬೇರೆ ಊರಿನ ಕಾವಲುಗಾರ ಬಂದರೆ ಅವನಿಗೆ ಈ ಊರಿನ ಮೌನದ ಹಂಗಿಲ್ಲ. ಯಾವತ್ತೋ ಒಂದು ದಿನ ಅವನ ಕಿವಿಗೆ ಎಲ್ಲ ಬಿದ್ದು, ಕಲ್ಲು ಹೊರಗೆ ಬೀಳುತ್ತದೆ. ಕಲ್ಲು ಉಳಿಯಬೇಕಾದರೆ ತಾನು ಕಾವಲಿನಲ್ಲಿ ಉಳಿಯಬೇಕು. ತಾನು ಉಳಿಯಬೇಕಾದರೆ ಎಣ್ಣೆ ನಿಲ್ಲಬೇಕು. ಈ ಲೆಕ್ಕವನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ಅವನು ಎರಡು ದಿನ ಕಳೆದ. ಕೊನೆಗೆ ಒಲೆಯ ಮುಂದೆ ಕೂತು, ಅವಳ ಮುಖ ನೋಡದೆ ಹೇಳಿದ.

"ಅಕ್ಕಾ, ಎಣ್ಣಿ ಬ್ಯಾಡ ಇನ್ನ. ಬೇಕಾದ್ರ ಗೇಟು ತಗೀತೇನಿ, ಒಳಗ ಬಂದು ಕುಂದ್ರು. ಎಣ್ಣಿ ಮಾತ್ರ ತರಬ್ಯಾಡ."

"ಎಣ್ಣಿ ಇಲ್ಲದ ಕೈಲೆ ಏನಂತ ಮುಟ್ಟಲಿ," ಅಂದಳು ಹಾಲವ್ವ. "ಹೊರಗ ಕುಂದರ್ತೇನಿ ಬಿಡು."

ಅಂದಿನಿಂದ ಬೇಲಿಯ ಹೊರಗೆ, ಕೊನೆಯ ಕಲ್ಲಿಗೆ ನೇರವಾಗಿ, ಬೇವಿನ ಗಿಡದ ಕೆಳಗೆ ಅವಳ ಜಾಗವಾಯಿತು. ಬಟ್ಟಲು ಮಾತ್ರ ತರುವುದು ಬಿಡಲಿಲ್ಲ. ಎಣ್ಣೆ ತುಂಬಿದ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು, ಹೊತ್ತೇರಿದ ಮೇಲೆ ಹಾಗೇ ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು.

ಸ್ವಾತಂತ್ರ್ಯ ಬಂತು. ಚಾವಡಿಯ ಮೇಲೆ ಬಾವುಟ ಏರಿಸಿದವನು ಅದೇ ಪಾಟೀಲ, ತಲೆಯ ಮೇಲೆ ಬಿಳಿ ಟೊಪ್ಪಿಗೆ. ಕರಬಸಪ್ಪ ಅವನನ್ನು ಬೈಯಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಒಂದು ವಿಚಾರ ಓಡುತ್ತಿತ್ತು. ಇನ್ನು ಹೆದರಿಕೆ ಯಾರದು? ನಿಜ ಹೇಳಿಬಿಟ್ಟರಾಯಿತು. ಕಲ್ಲಿನ ಮೇಲೆ ಹುಡುಗನ ಹೆಸರು ಕೆತ್ತಿಸಿದರಾಯಿತು. ಅಕ್ಕ ಎಣ್ಣೆ ಹಚ್ಚಲಿ, ಊರೆಲ್ಲ ಬಂದು ಹಚ್ಚಲಿ. ನಲವತ್ತೆಂಟರ ಆರಂಭದಲ್ಲಿ ಪ್ರಹ್ಲಾದರಾಯರು ಹಾನಗಲ್ಲಿನ ಬಂಗಲೆಯಲ್ಲಿ ಮುಕ್ಕಾಂ ಮಾಡಿದ್ದಾರೆಂದು ಗೊತ್ತಾದಾಗ ಒಗೆದ ಅಂಗಿ ಹಾಕಿಕೊಂಡು, ಹೊಸ ಹುರುಪಿನಲ್ಲಿ ಎರಡು ಹರದಾರಿ ನಡೆದ.

ರಾಯರು ಎಲ್ಲ ಕೇಳಿದರು. ಟೊಪ್ಪಿಗೆಯ ಮಾತು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕರಬಸಪ್ಪ ಮುಗಿಸಿದ ಮೇಲೆ ಪೆಟ್ಟಿಗೆಯಿಂದ ಒಂದು ಅಚ್ಚಾದ ಪುಸ್ತಕ ತೆಗೆದು ಹಾಳೆ ತಿರುವಿ ತೋರಿಸಿದರು. ಅದರಲ್ಲಿ ಹನ್ನೆರಡನೆಯ ಕಲ್ಲಿನ ಚಿತ್ರವಿತ್ತು.

"ಎರಡು ಪುಟ ಬರದೇನಿ ಇದರ ಮ್ಯಾಲೆ," ಅಂದರು. ದನಿ ಸಣ್ಣದಾಗಿತ್ತು. "ಕಾಲ ಸುಮಾರು ಏಳುನೂರು ವರ್ಷದ ಹಿಂದ. ವೀರನ ಹೆಸರು ತಿಳಿದಿಲ್ಲ. ಅವತ್ತು ನಾ ಇನ್ನಷ್ಟು ನೋಡಬೇಕಿತ್ತು."

"ತಪ್ಪು ನಂದ್ರೀ ರಾಯರ. ನಿಮ್ಮ ಕಾಲಿಗೆ ಬೀಳ್ತೇನಿ. ಈಗ ಸರಕಾರ ನಮ್ಮದ ಐತಲ್ರಿ. ತಿದ್ದಿಬಿಡ್ರಿ. ಅವನ ಹೆಸರು ಮಹಾಲಿಂಗಪ್ಪ. ಅಷ್ಟ ಕೆತ್ತಸ್ರಿ."

"ಸರಕಾರ ಬದಲಾತು ಕರಬಸಪ್ಪ, ಕಾಯದೆ ಬದಲಾಗಿಲ್ಲ." ರಾಯರು ಪುಸ್ತಕ ಮುಚ್ಚಿದರು. "ನೀನ ವಿಚಾರ ಮಾಡು. ಕಲ್ಲು ಹಳೇದು ಅಂತ ಉಳದರ, ಅದರ ಮ್ಯಾಲೆ ಉಳಿ ಮುಟ್ಟಸೂ ಹಂಗಿಲ್ಲ. ಹೆಸರು ಕೆತ್ತಿದವಗ ಮೂರು ತಿಂಗಳು. ಹೊಸಾದು ಅಂತ ನಾ ಬರದರ, ಬೇಲಿಯೊಳಗ ಇರಲಿಕ್ಕೆ ಅದಕ್ಕ ಹಕ್ಕಿಲ್ಲ. ಕಿತ್ತು ಹೊರಗ ಹಾಕಬೇಕು, ಆ ನೆಲ ಶೋಧಿಸಬೇಕು. ಎರಡರಾಗ ಯಾವುದು ಹೇಳು, ಅದನ್ನ ಬರೀತೇನಿ. ನನ್ನ ಮರ್ಯಾದಿ ಹೋದರ ಹೋಗಲಿ."

ಕೊನೆಯ ಮಾತು ಅವರು ಮನಃಪೂರ್ವಕವಾಗಿಯೇ ಹೇಳಿದರು. ಅದನ್ನು ಕೇಳಿ ಕರಬಸಪ್ಪನಿಗೆ ಇನ್ನೂ ಕಷ್ಟವಾಯಿತು. ಸಿಟ್ಟು ಮಾಡಲಾದರೂ ಒಬ್ಬ ಕೆಟ್ಟ ಮನುಷ್ಯ ಎದುರಿಗೆ ಬೇಕಲ್ಲ.

"ಬ್ಯಾರೆ ಕಲ್ಲು ನಿಲ್ಲಸು," ರಾಯರು ಮತ್ತೆ ಹೇಳಿದರು. "ನಿಮ್ಮ ಹೊಲದಾಗ, ಹೆಸರು ಹಾಕಿ. ಈಗ ಯಾರೂ ಕೀಳೂದಿಲ್ಲ."

"ಅದರ ಕೆಳಗ ಟೊಪ್ಪಿಗಿ ಐತ್ರಿ," ಅಂದ ಕರಬಸಪ್ಪ. "ಅದಕ್ಕ ಮಣ್ಣು ಕೊಟ್ಟಾಳ ನಮ್ಮ ಅಕ್ಕ."

ಕೇಳಿಕೊಂಡು ಬಂದು ಹೇಳುತ್ತೇನೆ ಎಂದು ಎದ್ದು ಬಂದ. ದಾರಿಯುದ್ದಕ್ಕೂ ಅವನಿಗೆ ತನ್ನ ಜಾಣತನದ ಮೇಲೆ ಹೇಸಿಕೆಯಾಯಿತು. ಹೆಸರು ಬೇಡ, ಗುರುತು ಹತ್ತಬಾರದು ಎಂದು ಮಾರೆಪ್ಪನಿಗೆ ಹೇಳಿದವನು ತಾನೇ. ಹೂಳಿನಲ್ಲಿ ಸಿಕ್ಕಿತು ಎಂದು ಹೇಳಿದವನೂ ತಾನೇ. ಒಂದೊಂದು ಸುಳ್ಳೂ ಕಲ್ಲನ್ನು ಉಳಿಸಿತ್ತು, ಒಂದೊಂದೂ ಹುಡುಗನನ್ನು ಅದರಿಂದ ಅಷ್ಟಷ್ಟು ದೂರ ಮಾಡಿತ್ತು.

ಹಾಲವ್ವ ಬೇವಿನ ಗಿಡದ ಕೆಳಗೇ ಕೂತಿದ್ದಳು. ಕಣ್ಣು ಮಂಜಾಗತೊಡಗಿದ್ದವು. ಅವನು ಪಕ್ಕದಲ್ಲಿ ಕೂತು, ರಾಯರು ಹೇಳಿದ ಎರಡೂ ದಾರಿಗಳನ್ನು ಒಂದೂ ಮಾತು ಬಿಡದೆ ಹೇಳಿದ. ಅವಳು ಮಡಿಲಿನ ಬಟ್ಟಲನ್ನು ಕೆಳಗಿಟ್ಟಳು.

"ಎಷ್ಟು ವರ್ಷದ್ದಂತ ಬರದಾರ?"

"ಏಳುನೂರು."

"ಅವಗ ಇಪ್ಪತ್ತೆರಡ ಆಗಿತ್ತಲ್ಲೋ ತಮ್ಮಾ."

ಕರಬಸಪ್ಪನಿಗೆ ತಡೆಯಲಾಗಲಿಲ್ಲ. ಮೊಣಕಾಲಲ್ಲಿ ಮುಖ ಇಟ್ಟು ಅತ್ತುಬಿಟ್ಟ. ಹಾಲವ್ವ ಅವನ ಬೆನ್ನ ಮೇಲೆ ಕೈ ಇಟ್ಟಳು. ಆ ಕೈಗೆ ಎಣ್ಣೆಯ ವಾಸನೆ ಇತ್ತು.

"ಅಳಬ್ಯಾಡ. ಒಮ್ಮೆ ಕಿತ್ತದ್ದು ಸಾಕು. ನಿಲ್ಲಲಿ," ಅಂದಳು. "ರಾಯರಿಗೆ ಹೇಳು, ಹಳೇದ ಅಂತ."

ಅವನು ಮರುದಿನ ಮತ್ತೆ ನಡೆದುಹೋಗಿ ಹಾಗೇ ಹೇಳಿ ಬಂದ. ರಾಯರು ಏನೂ ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಪುಸ್ತಕದಲ್ಲಿ ಚಿತ್ರ ಬಂದದ್ದೇ ತಡ, ಹುಣಸೀಕೊಪ್ಪಕ್ಕೆ ನೋಡುವವರು ಬರತೊಡಗಿದರು. ಬಂದವರಿಗೆ ಗೇಟು ತೆಗೆದು ಒಂದೊಂದೇ ಕಲ್ಲು ತೋರಿಸುವುದು ಕಾವಲುಗಾರನ ಕೆಲಸ. ಆ ಬೇಸಿಗೆಯಲ್ಲಿ ಹಾನಗಲ್ಲಿನಿಂದ ಇಬ್ಬರು ಸಾಲಿ ಮಾಸ್ತರರು ಬಂದರು. ಕರಬಸಪ್ಪ ಮೊದಲನೆಯದರಿಂದ ಶುರುಮಾಡಿ ಕೊನೆಯದರ ಮುಂದೆ ಬಂದು ನಿಂತ. ಮಳೆ ಬಿಸಿಲಿಗೆ ಜಿಡ್ಡು ಬಿಟ್ಟು ಕಲ್ಲು ಅಲ್ಲಲ್ಲಿ ಬೆಳ್ಳಗಾಗತೊಡಗಿತ್ತು.

"ಇದು ಯಾರದು?" ಎಂದರು ಒಬ್ಬರು.

"ಹೆಸರು ಗೊತ್ತಿಲ್ರಿ," ಅಂದ ಕರಬಸಪ್ಪ. "ಏಳುನೂರು ವರ್ಷದ ಹಿಂದಿನ ಯಾವನೋ ಒಬ್ಬ ವೀರ."

ಬೇಲಿಯ ಆಚೆ ಹಾಲವ್ವ ಕೇಳಿಸಿಕೊಂಡು ತಲೆಯಾಡಿಸಿದಳು, ಪಾಠ ಸರಿಯಾಗಿ ಒಪ್ಪಿಸಿದೆ ಎನ್ನುವ ಹಾಗೆ. ಇನ್ನೊಬ್ಬ ಮಾಸ್ತರರು ಅವಳನ್ನು ನೋಡಿದರು.

"ಆ ಮುದುಕಿ ಯಾರು? ಬಟ್ಟಲಾ ಹಿಡಕೊಂಡು ಕುಂತಾಳಲ್ಲ."

"ನಮ್ಮ ಅಕ್ಕರಿ."

"ಯಾಕ ಕುಂತಾಳ?"

ಕರಬಸಪ್ಪ ಅವರನ್ನು ಹೊರಗೆ ಬಿಟ್ಟು ಗೇಟು ಎಳೆದ. ಬೀಗದಲ್ಲಿ ಕೀಲಿಕೈ ತಿರುಗಿಸಿದ.

"ಕಲ್ಲಿಗೆ ಎಣ್ಣಿ ಹಚ್ಚಬೇಕಂತ ದಿನಾ ಬರ್ತಾಳ್ರಿ," ಅಂದ. "ನಾ ಬಿಡೂದಿಲ್ಲ."

ಮಾಸ್ತರರು ಮೆಚ್ಚಿ ತಲೆದೂಗಿದರು. "ಸ್ವಂತ ಅಕ್ಕನ್ನೂ ಬಿಡೂದಿಲ್ಲ ನೋಡ್ರಿ," ಎಂದು ಗೆಳೆಯನಿಗೆ ಹೇಳಿದರು. "ಕಾವಲದವ ಅಂದ್ರ ಹಿಂಗ ಇರಬೇಕು."